ಹತ್ತು ದಿನ ಭೈರ ಅಂಗಳದಲ್ಲೇ ಇರಲಿ

ಶಿರಸಿ ಹತ್ತಿರದ ಹಳ್ಳಿಯಿಂದ ಬಂದ ಪತ್ರ. ಎರಡು ಪುಟ, ಜೊತೆಗೊಂದು ಫೋಟೊ. ಬರೆದವರು ಮನೆಯ ಸೊಸೆ. ಅವರ ನಾಯಿ ಭೈರನಿಗೆ ಆರು ವರ್ಷ. ರಜೆಗೆ ಹುಬ್ಬಳ್ಳಿಯಿಂದ ಬಂದಿದ್ದ ನಾದಿನಿಯ ಮಗ ಚೆಂಡು ಹೆಕ್ಕಲು ಕೊಟ್ಟಿಗೆ ಕಡೆ ಹೋದಾಗ ಮೊಣಕೈಗೆ ಬಾಯಿ ಹಾಕಿದೆ. 'ದೇವಿಮನೆ ಘಟ್ಟದಲ್ಲಿ ಬಿಟ್ಟು ಬನ್ನಿ' ಅಂತ ಅತ್ತೆಯ ಹಟ. 'ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡಿ' ಅಂತ ಮೈದುನ. ಗಂಡ ಬಾಯಿ ಬಿಡುತ್ತಿಲ್ಲ. ಮಗಳು ಊಟ ಬಿಟ್ಟು ಕೂತಿದ್ದಾಳೆ. ಯಾರ ಮಾತು ಕೇಳಲಿ ಅಂತ ಪ್ರಶ್ನೆ.

ಸದ್ಯಕ್ಕೆ ಯಾರದ್ದೂ ಬೇಡ. ಎರಡನೇ ಪುಟದ ಕೊನೆಯಲ್ಲಿ ನೀವು ಒಂದು ಸಾಲು ಬರೆದಿದ್ದೀರಿ: 'ಸ್ವಲ್ಪ ರಕ್ತ ಬಂತು, ಅತ್ತೆ ಅರಿಶಿನ ಸುಣ್ಣ ಹಚ್ಚಿದರು, ಮನೆ ನಾಯಿ ಅಲ್ವಾ ಅಂತ ಆಸ್ಪತ್ರೆಗೆ ಹೋಗಲಿಲ್ಲ.' ಅಷ್ಟು ಬರೆದು ಮತ್ತೆ ಭೈರನ ಕಥೆಗೆ ಹೋಗಿಬಿಟ್ಟಿದ್ದೀರಿ. ಓದುತ್ತಿದ್ದವಳು ಚಹಾ ಲೋಟ ಕೆಳಗಿಟ್ಟೆ.

ಪತ್ರ ನನ್ನ ಕೈಗೆ ಬಂದಿದ್ದು ಕಚ್ಚಿದ ಐದನೇ ದಿನ. ನಾದಿನಿಗೆ ಈಗಲೇ ಫೋನ್ ಮಾಡಿ ಅಂತ ಆಗಲೇ ತಿಳಿಸಿದೆ. ಮಗುವಿಗೆ ಇಂಜೆಕ್ಷನ್ ಶುರುವಾಯಿತು ಅಂತ ಸಂಜೆ ನಿಮ್ಮ ಉತ್ತರ ಬಂತು. ಇದನ್ನು ಬರೆಯಲು ಕೂತಿದ್ದು ಆಮೇಲೆ.

ಉಳಿದವರಿಗೂ ಗೊತ್ತಿರಲಿ. ಸಾಕಿದ ನಾಯಿ, ಬೀದಿ ನಾಯಿ ಅನ್ನುವ ಭೇದ ರೇಬಿಸ್‌ಗೆ ಇಲ್ಲ. ರೋಗದ ಲಕ್ಷಣ ಕಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದ ಕೂಡಲೇ ನಲ್ಲಿ ಬಿಟ್ಟು, ಸೋಪು ಹಾಕಿ, 15 ನಿಮಿಷ ತೊಳೆಯಬೇಕು. ಅರಿಶಿನ ಸಾರಿಗಿರಲಿ, ಸುಣ್ಣ ಕವಳಕ್ಕಿರಲಿ. ರಕ್ತ ಬಂದಿದ್ದರೆ ಬರೀ ಲಸಿಕೆ ಸಾಲದು, ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ಲಸಿಕೆ ಕೆಲಸ ಶುರುಮಾಡುವ ತನಕ ರೋಗ ತಡೆಯುವ ಮದ್ದು) ಕೂಡ ಕೊಡಿಸಬೇಕು. ಹೊಟ್ಟೆಗೆ ಹದಿನಾಲ್ಕು ಚುಚ್ಚುವ ಕಾಲ ಹೋಯಿತು. ಈಗ ತೋಳಿಗೆ, ಅದೂ ನಾಲ್ಕೈದು ಸಲ.

ಇನ್ನು ಘಟ್ಟದ ಮಾತು. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡುವುದು ಸುಮ್ನೆ ಅಲ್ಲ. ಕಚ್ಚುವಾಗ ಜೊಲ್ಲಿನಲ್ಲಿ ರೇಬಿಸ್ ಇದ್ದಿದ್ದರೆ ಅಷ್ಟರೊಳಗೆ ನಾಯಿಗೇ ಕಾಯಿಲೆ ಕಾಣಿಸುತ್ತದೆ. ಹತ್ತು ದಿನ ದಾಟಿಯೂ ಅನ್ನ ತಿಂದು ಆರಾಮಿದ್ದರೆ ಆ ಕಡಿತದಿಂದ ಭಯವಿಲ್ಲ. ಹಾಗಂತ ಮಗುವಿನ ಇಂಜೆಕ್ಷನ್ ಕಾಯುವಂತಿಲ್ಲ, ಎರಡೂ ಒಟ್ಟಿಗೆ ನಡೆಯಬೇಕು. ಭೈರನನ್ನು ದೇವಿಮನೆಯಲ್ಲಿ ಇಳಿಸಿ ಬಂದರೆ ನೋಡುವವರು ಯಾರು, ಮಂಗಗಳೇ? ನಿಮ್ಮ ಮಾವ ಹೋದ ಮೇಲೆ ಎರಡು ವರ್ಷದಿಂದ ಅದಕ್ಕೆ ಲಸಿಕೆ ಬೇರೆ ಹಾಕಿಸಿಲ್ಲ.

ಫೋಟೊ ನೋಡಿದೆ. ಕೊಟ್ಟಿಗೆಯ ಸಿಮೆಂಟ್ ಕಂಬ, ಅದಕ್ಕೆ ಸರಪಳಿ. ಸರಪಳಿ ಎಟಕುವಷ್ಟು ದೂರ ಮಣ್ಣು ಗುಂಡಗೆ ಸವೆದು ನುಣ್ಣಗಾಗಿದೆ. ಒಂದು ಹುಲ್ಲೆಸಳಿಲ್ಲ. ಭೈರನ ಕುತ್ತಿಗೆಯಲ್ಲಿ ಬೆರಳಗಲ ಕೂದಲು ಉದುರಿದೆ. ಮಾವ ಇದ್ದಾಗ ದಿನಾ ಬೆಳಿಗ್ಗೆ ಅವರ ಹಿಂದೆ ತೋಟ ಸುತ್ತಿ ಬರುತ್ತಿತ್ತು ಅಂತ ನೀವೇ ಬರೆದಿದ್ದೀರಿ. ಎರಡು ವರ್ಷ ಆ ಗುಂಡಗಿನೊಳಗೇ ಕೂತ ನಾಯಿ ಒಳಗೆ ಬಂದವರಿಗೆ ಬಾಯಿ ಹಾಕಿದರೆ ನನಗೇನೂ ಆಶ್ಚರ್ಯ ಇಲ್ಲ. ರಾತ್ರಿ ಚಿರತೆ ಬಂದರೆ ಓಡಲಿಕ್ಕೂ ಆಗದು ಪಾಪ. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ತಪ್ಪು. ಹಸಿವು ಬಾಯಾರಿಕೆಗೆ ಬಿಟ್ಟು ಬರುವುದೂ ತಪ್ಪು. ಅತ್ತೆಗೆ ಇದನ್ನು ಓದಿ ಹೇಳಿ.

ಆದರೆ ನನಗೆ ಅತ್ತೆಯ ಮೇಲೆ ಅಷ್ಟು ಸಿಟ್ಟಿಲ್ಲ, ಅವರು ಮೊಮ್ಮಗನಿಗೆ ಹೆದರಿದವರು. ಸಿಟ್ಟು ಬಂದಿದ್ದು ನಿಮ್ಮ ಮೈದುನನ ಮೇಲೆ. ಬೆಂಗಳೂರಿಂದ ಬಂದಾಗಲೆಲ್ಲ ಪೊರಕೆ ತೋರಿಸಿ ಭೈರನನ್ನು ಕೆಣಕಿ ಮೊಬೈಲಲ್ಲಿ ವಿಡಿಯೊ ಮಾಡುತ್ತಾರಂತೆ, 'ತಮಾಷೆಗೆ'. ನಾಯಿಗೆ ಕಚ್ಚುವ ಪಾಠ ಹೇಳಿಕೊಟ್ಟು, ಈಗ ಮುಗಿಸಿಬಿಡಿ ಅನ್ನುವವರು ಇವರೇ.

ನೀವು ಮಾಡಬೇಕಾದ್ದು ಒಂದೇ. ಹತ್ತು ದಿನ ತುಂಬುವ ತನಕ ಭೈರ ಅಂಗಳ ಬಿಟ್ಟು ಕದಲಬಾರದು. ಸರಪಳಿ ತೆಗೆದು ಉದ್ದದ ಗಟ್ಟಿ ಹಗ್ಗ ಕಟ್ಟಿ. ಅನ್ನ ನೀವೊಬ್ಬರೇ ಹಾಕಿ, ಮಕ್ಕಳು ಆ ಕಡೆ ಸುಳಿಯದಿರಲಿ. ಅನ್ನ ಬಿಟ್ಟರೆ, ಜೊಲ್ಲು ಸುರಿದರೆ, ದನಿ ಬದಲಾದರೆ ಹತ್ತಿರ ಹೋಗಬೇಡಿ, ಪಶು ವೈದ್ಯರಿಗೆ ಹೇಳಿ. ಸತ್ತರೂ ಸುಮ್ಮನೆ ಹೂಳಬೇಡಿ. ಇಡುವುದೋ ಬಿಡುವುದೋ ಆ ಮಾತು ಹನ್ನೊಂದನೇ ದಿನಕ್ಕೆ. ಅವತ್ತು ಲಸಿಕೆ ಹಾಕಿಸಿ, ಕಿವಿ ಹಲ್ಲು ನೋವಿದೆಯಾ ನೋಡಿಸಿ. ಮತ್ತೆ ದಿನಾ ತೋಟ ಸುತ್ತಿಸಿ. ತಿಂಗಳೆರಡು ಕಳೆದೂ ಗುರ್ ಅನ್ನದೆ ಏಕಾಏಕಿ ಮೇಲೆ ಬೀಳುತ್ತಿದ್ದರೆ ಆಗ ವೈದ್ಯರ ಹತ್ತಿರವೇ ಕೇಳಿ. ಮುಗಿಸಬೇಕು ಅಂತ ಅವರೇ ಹೇಳಿದರೆ ನಾನು ಅಡ್ಡ ಬರುವುದಿಲ್ಲ.

ತೋಟಕ್ಕೆ ಕರೆದುಕೊಂಡು ಹೋಗುವ ಕೆಲಸ ಬಾಯಿ ಬಿಡದ ನಿಮ್ಮ ಗಂಡನದ್ದು. ಮೈದುನ ಮುಂದಿನ ಸಲ ಬಂದು ಪೊರಕೆ ಎತ್ತಿಕೊಂಡರೆ ಕಸಿದುಕೊಳ್ಳಬೇಡಿ. ಅಂಗಳ ಗುಡಿಸಲು ಹೇಳಿ.