ಹೀಬ್ರೂವಿನ ‘ಲೇಮೋರ್’ ಎಂದರೆ ‘ಹೇಳುವುದಕ್ಕಾಗಿ’ ಎಂದೇ? ಕ್ರಿಯಾಪದದ ಏಳೂ ರೂಪಮಾದರಿಗಳನ್ನು, ಅಂದರೆ ಬಿನ್ಯಾನ್‌ಗಳನ್ನು ಬಾಯಿಪಾಠ ಮಾಡಿದ ಮೇಲೆಯೇ ಬೈಬಲ್ ಓದಬೇಕೇ?

ಈ ‘ಹೇಳುವುದಕ್ಕಾಗಿ’ ನನ್ನ ಒಂದು ವರ್ಷವನ್ನೇ ನುಂಗಿತು. ದೇವಶಾಸ್ತ್ರ ಓದುತ್ತಿದ್ದಾಗ ಹೀಬ್ರೂ ಪರೀಕ್ಷೆಗೆ ಅರಣ್ಯಕಾಂಡದ 6ನೇ ಅಧ್ಯಾಯದ 22 ಮತ್ತು 23ನೇ ವಚನಗಳು ಬಂದಿದ್ದವು. ಯಾಜಕರು ಜನರನ್ನು ಆಶೀರ್ವದಿಸಬೇಕಾದ ಕ್ರಮವನ್ನು ದೇವರು ಮೋಶೆಗೆ ತಿಳಿಸುವ ಭಾಗ ಅದು. ‘ಹೇಳು’ ಎಂಬರ್ಥದ ‘ಅಮರ್’ ಧಾತು ಅಲ್ಲಿ ಮೂರು ಸಲ ಬರುತ್ತದೆ: ಎರಡು ‘ಲೇಮೋರ್’, ಒಂದು ‘ಆಮೋರ್’.

ನನಗೆ ರೂಪಾವಳಿಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಧಾತುವಿನ ಆರಂಭದಲ್ಲಿ ‘ಲಾಮೆದ್’ ಅಕ್ಷರ ಕೂಡಿದರೆ ಉದ್ದೇಶಾರ್ಥ: ‘ಲಾಲೆಖೆತ್’ ಎಂದರೆ ಹೋಗಲು. ಹಾಗಾದರೆ ಲೇಮೋರ್ ಎಂದರೆ ಹೇಳಲು. ‘ಯೆಹೋವನು ಹೇಳುವುದಕ್ಕಾಗಿ ಮೋಶೆಯೊಡನೆ ಮಾತನಾಡಿದನು, ಆರೋನನೊಡನೆಯೂ ಅವನ ಮಕ್ಕಳೊಡನೆಯೂ ಹೇಳುವುದಕ್ಕಾಗಿ ಮಾತನಾಡು’ ಎಂದು ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ‘ಆಮೋರ್ ಲಾಹೆಮ್’ ಎಂಬಲ್ಲಿ ಲಾಮೆದ್ ಧಾತುವಿಗೆ ಅಂಟಿಕೊಂಡೇ ಇಲ್ಲ. ಅದು ಆಜ್ಞೆಯ ಬದಲು ನಿಂತ ಭಾವರೂಪ, ‘ಅವರಿಗೆ ಹೇಳಿರಿ’ ಎಂದರ್ಥ. ಅದಕ್ಕೂ ಹೇಳುವುದಕ್ಕಾಗಿಯನ್ನೇ ತಗುಲಿಸಿದೆ. ನನ್ನ ಅನುವಾದದಲ್ಲಿ ಎಲ್ಲರೂ ಹೇಳುವುದಕ್ಕಾಗಿ ಸಿದ್ಧರಾಗಿ ನಿಂತವರೇ. ಹೇಳುವವರು ಮಾತ್ರ ಯಾರೂ ಇಲ್ಲ. ಅನುತ್ತೀರ್ಣನಾದೆ, ಮುಂದಿನ ಓದಿಗೆಂದು ಸಿಗಬೇಕಿದ್ದ ವಿದ್ಯಾರ್ಥಿವೇತನ ಬೇರೆಯವರ ಪಾಲಾಯಿತು.

ಹೊಟ್ಟೆ ಉರಿಯುವುದು ಏಕೆಂದರೆ, ಕನ್ನಡಿಗನಾದವನು ಇಲ್ಲಿ ಎಡವಲೇಬಾರದಿತ್ತು. ಲೇಮೋರ್ ನಮ್ಮ ‘ಎಂದು’ವಿನ ಕೆಲಸ ಮಾಡುತ್ತದೆ. ‘ಎಂದು’ ಕೂಡ ‘ಎನ್ನು’ ಧಾತುವಿನಿಂದಲೇ ಬಂದದ್ದಲ್ಲವೇ? ಇದು ಯಾರೋ ಆಡಿದ ಮಾತು ಎಂದು ತೋರಿಸುವ ಗುರುತು ಅದು. ನಮ್ಮಲ್ಲಿ ಮಾತಿನ ನಂತರ ಬರುತ್ತದೆ, ಹೀಬ್ರೂವಿನಲ್ಲಿ ಮೊದಲು. ಹಳೆಯ ಕನ್ನಡ ಬೈಬಲಿನ ‘ಹೇಳಿದ್ದೇನೆಂದರೆ’ ಎಂಬ ಧಾಟಿ ಸರಿಯಾಗಿ ಅದನ್ನೇ ಹಿಡಿದಿದೆ. ಭಾನುವಾರ ಭಾನುವಾರ ಕೇಳಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ.

ಸಾಮ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ವಿಮೋಚನಕಾಂಡ 2:14ರಲ್ಲಿ ಜಗಳಗಂಟ ಇಬ್ರಿಯನು ಮೋಶೆಗೆ ‘ಹಲ್‌ಹೊರ್ಗೇನಿ ಅತ್ತಾ ಓಮೇರ್’ ಎನ್ನುತ್ತಾನೆ. ಇಲ್ಲಿ ‘ಅಮರ್’ ಎಂದರೆ ಉದ್ದೇಶಿಸು. ಕನ್ನಡದಲ್ಲಿ ‘ನನ್ನನ್ನೂ ಕೊಲ್ಲಬೇಕೆಂದಿದ್ದೀಯಾ?’ ಎಂದರೆ ಮುಗಿಯಿತು. ಅಲ್ಲೂ ‘ಎನ್ನು’ವೇ ಕುಳಿತಿದೆ.

ಇನ್ನು ಏಳು ಬಿನ್ಯಾನ್‌ಗಳ ಮಾತು. ದಯವಿಟ್ಟು ಬೇಡ. ಬೈಬಲಿನಲ್ಲಿ 5,000ಕ್ಕೂ ಹೆಚ್ಚು ಬಾರಿ ಬರುವ ಈ ‘ಅಮರ್’ ಧಾತು ಬಹುತೇಕ ಕಾಲ್ ಎಂಬ ಸರಳ ಬಿನ್ಯಾನ್‌ನಲ್ಲೇ ಇದೆ. ನಿಫಾಲ್ ಆಗೊಮ್ಮೆ ಈಗೊಮ್ಮೆ, ಹಿಫೀಲ್ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಮಾತ್ರ. ಇಲ್ಲದ ರೂಪಗಳನ್ನು ಉರು ಹೊಡೆದು ಏನು ಮಾಡುತ್ತೀರಿ? ನಾಳೆಯೇ ಆದಿಕಾಂಡದ ಮೊದಲ ಅಧ್ಯಾಯ ತೆರೆಯಿರಿ. ಇದೇ ಧಾತುವಿನ ‘ವಯ್ಯೋಮೆರ್’ ಹತ್ತು ಸಲ ಸಿಗುತ್ತದೆ, 22ನೇ ವಚನದಲ್ಲಿ ಲೇಮೋರ್ ಕೂಡ. ಗಟ್ಟಿಯಾಗಿ ಓದಿ, ಸ್ವರ ಕಿವಿಗೆ ಬೀಳಲಿ.

ಒಂದು ಎಚ್ಚರಿಕೆ: ವಯ್ಯೋಮೆರ್ ನೋಡಲು ಭವಿಷ್ಯತ್ಕಾಲದಂತಿದ್ದರೂ ಆರಂಭದ ‘ವಾವ್’ ಅಕ್ಷರದಿಂದಾಗಿ ಕಥನದ ಭೂತಕಾಲ, ‘ಆಗ ಅವನು ಹೇಳಿದನು’. ನಿಘಂಟಿನಲ್ಲಿ ಅದನ್ನು ವಾವ್ ಅಡಿಯಲ್ಲಾಗಲಿ ಅದರ ನಂತರದ ಯೋದ್ ಅಕ್ಷರದ ಅಡಿಯಲ್ಲಾಗಲಿ ಹುಡುಕಬೇಡಿ. ಅವೆರಡನ್ನೂ ಕಳಚಿದರೆ, ಉಚ್ಚಾರದಲ್ಲಿ ಕೇಳಿಸದಿದ್ದರೂ ಬರಹದಲ್ಲಿ ಆಲೆಫ್ ಅಕ್ಷರ ಉಳಿದಿರುತ್ತದೆ. ಪದ ಇರುವುದು ಆ ಆಲೆಫ್ ಅಡಿಯಲ್ಲಿ.