ಉದ್ದಗಾಲಿನ ಜೇಡಗಳೆಲ್ಲ ಒಂದೇ ಥರ ಇರುವಾಗ ‘ಹೊಸ ಕುಲ’ ಅಂತ ಹೇಗೆ ಹೇಳ್ತಾರೆ?

ನೀವು ಕೇಳಿದ್ದು ಸರಿಯಾಗಿಯೇ ಇದೆ. ಕುಲ ಅಂದರೆ ಹತ್ತಿರದ ನೆಂಟಸ್ತಿಕೆ ಇರುವ ಪ್ರಭೇದಗಳ ಗುಂಪು. ಮನೆ ಮೂಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತಾ, ಮುಟ್ಟಿದರೆ ಗಡಗಡ ಅಲ್ಲಾಡುವ ಈ ಫೋಲ್ಸಿಡೇ ಕುಟುಂಬದ ಜೇಡಗಳನ್ನು ಸ್ಪಿರಿಟ್ ಸೀಸೆಯಲ್ಲಿಟ್ಟುಕೊಂಡು ನಾನೂ ಕೆಲವು ವರ್ಷ ಕೂತಿದ್ದೆ. ಶುರುವಿನಲ್ಲಿ ಮೈಕಟ್ಟು ನೋಡಿ ಗುಂಪು ಮಾಡಿ ಚೆನ್ನಾಗಿ ಏಮಾರಿದೆ. ಕಾಡಿನಲ್ಲಿ ಎಲೆಯಡಿ ಬದುಕುವವು ಸಾಮಾನ್ಯವಾಗಿ ತೆಳುಬಣ್ಣದವು, ಹೊಟ್ಟೆ ಉದ್ದ. ತರಗೆಲೆ ರಾಶಿಯೊಳಗಿನವು ಚಿಕ್ಕವು, ಕಾಲೂ ಗಿಡ್ಡ. ಹತ್ತಿರದ ನೆಂಟಸ್ತಿಕೆಯೇ ಇಲ್ಲದವೂ ಒಂದೇ ಥರದ ಜಾಗದಲ್ಲಿ ಬಾಳಿ ಒಂದೇ ಥರ ಕಾಣುತ್ತವೆ.

ನೆಂಟಸ್ತಿಕೆ ಹುಡುಕಬೇಕಾದದ್ದು ಗಂಡಿನ ಪೆಡಿಪ್ಯಾಲ್ಪಿನಲ್ಲಿ. ಬಾಯಿ ಪಕ್ಕದ ಆ ಗಿಡ್ಡ ಉಪಾಂಗದಿಂದಲೇ ಗಂಡು ವೀರ್ಯ ದಾಟಿಸುವುದು. ಅದರಲ್ಲಿ ಪ್ರೊಕರ್ಸಸ್ ಎಂಬ ಚಾಚು ಇದೆ: ಕೊಕ್ಕೆ, ಮುಳ್ಳು, ಪೊರೆ, ಒಂದೊಂದು ಪ್ರಭೇದದ್ದೂ ಒಂದೊಂದು ವೇಷ. ಜೊತೆಗೆ ಗಂಡಿನ ಕೆಲಿಸೆರೆ, ಅಂದರೆ ದವಡೆಯ ಮೇಲಿನ ಕೊಂಬಿನಂಥ ಉಬ್ಬುಗಳು. ಕೂಡುವಾಗ ಹೆಣ್ಣನ್ನು ಹಿಡಿಯುವುದು ಇವುಗಳಿಂದ. ಒಂದೇ ಒಂದು ಪ್ಯಾಲ್ಪನ್ನು ಸರಿಯಾಗಿ ಚಿತ್ರಿಸಲು ನನಗೆ ಎರಡು ದಿನ ಹಿಡಿದದ್ದಿದೆ.

ಆದರೂ ವಿಚಿತ್ರವಾಗಿದೆ ಅನ್ನುವ ಕಾರಣಕ್ಕೆ ಹೊಸ ಕುಲ ಕಟ್ಟುವಂತಿಲ್ಲ. ಒಳಗೆ ಸೇರಿಸಿದ ಪ್ರಭೇದಗಳೆಲ್ಲ ಒಂದೇ ಪೂರ್ವಜನಿಂದ ಬಂದಿರಬೇಕು, ಆ ಪೂರ್ವಜನ ಸಂತತಿಯಲ್ಲಿ ಯಾರನ್ನೂ ಹೊರಗೆ ಬಿಟ್ಟಿರಬಾರದು. ಜರ್ಮನಿಯ ಬಾನ್ ನಗರದ ಜೇಡತಜ್ಞ ಬರ್ನ್‌ಹಾರ್ಡ್ ಹ್ಯೂಬರ್ ಮತ್ತು ಜೊತೆಗಾರರು 2018ರಲ್ಲಿ ಮಾಡಿದ್ದು ಇದನ್ನೇ. ‘ಫೋಲ್ಕಸ್’ ಕುಲ ಎಂಬ ಹಳೆಯ ಗೋಣಿಚೀಲದಲ್ಲಿ ತುಂಬಿಸಿದ್ದ ಆಗ್ನೇಯ ಏಷ್ಯಾದ ಜೇಡಗಳನ್ನು, ಡಿಎನ್‌ಎ ಮತ್ತು ಅಂಗರಚನೆ ಎರಡನ್ನೂ ತೂಗಿ, ಹಲವು ಹೊಸ ಕುಲಗಳಾಗಿ ಹಂಚಿದರು. ಅದರಲ್ಲೊಂದು ಬೋರ್ನಿಯೊದ ಕೆಲಾಬಿಟಾ, ಅಲ್ಲಿನ ಕೆಲಾಬಿಟ್ ಜನರ ಹೆಸರು. ನನಗೆ ಈ ನಡೆ ಇಷ್ಟ, ಎಷ್ಟೋ ಹೆಸರುಗಳು ಬರೇ ಯೂರೋಪಿನ ಪ್ರೊಫೆಸರುಗಳದ್ದಾಗಿದ್ದ ಕಾಲ ಇತ್ತಲ್ಲ. ನಿಯಮದ ಪ್ರಕಾರ ಹೊಸ ಕುಲಕ್ಕೆ ಒಂದು ಮಾದರಿ ಪ್ರಭೇದ ಗೊತ್ತುಮಾಡಲೇಬೇಕು. ನಾಳೆ ಕುಲ ಮತ್ತೆ ಒಡೆದರೂ ಹೆಸರು ಆ ಪ್ರಭೇದದ ಜೊತೆಗೇ ಹೋಗುತ್ತದೆ.

ಒಡೆಯುವುದು ಹೊಸತೂ ಅಲ್ಲ. ನಮ್ಮ ಮನೆಗಳಲ್ಲೂ ಕಾಣುವ, ಹೊಟ್ಟೆಯ ಹಿಂತುದಿ ಮೊನೆಯಾಗಿರುವ ಜೇಡ ಕ್ರಾಸೊಪ್ರೈಜಾ ಲಯೋನಿ. ಪುಸ್ತಕದಲ್ಲಿ ಅದರ ಮುಂದೆ (ಬ್ಲ್ಯಾಕ್‌ವಾಲ್, 1867) ಎಂದಿರುತ್ತದೆ, ಅಂದರೆ ಅದಕ್ಕೆ ಮೊದಲು ಹೆಸರಿಟ್ಟವನು ಮತ್ತು ಇಟ್ಟ ವರ್ಷ. ಆ ಕಂಸ ಅಲಂಕಾರಕ್ಕಲ್ಲ, ಬ್ಲ್ಯಾಕ್‌ವಾಲ್ ಅದನ್ನು ಬೇರೆ ಕುಲದಲ್ಲಿಟ್ಟಿದ್ದ ಎಂಬುದರ ಗುರುತು. ಆ ಕುಲವೂ ಫೋಲ್ಕಸ್ಸೇ!

ಇನ್ನು ನಿಮ್ಮ ಬಚ್ಚಲುಮನೆಯ ಜೇಡ ಬಾಯಲ್ಲಿ ಮೊಟ್ಟೆಯ ಉಂಡೆ ಕಚ್ಚಿಕೊಂಡಿದೆ ಅಂದಿರಿ. ಹಾಗಾದರೆ ಅದು ಹೆಣ್ಣು. ಅದೇ ಬಲೆಯ ಆಸುಪಾಸಿನಲ್ಲಿ ಗಂಡು ಸಿಕ್ಕರೆ ಪ್ಯಾಲ್ಪ್ ಕಾಣುವ ಹಾಗೆ ಒಂದು ಫೋಟೊ ಹಾಕಿ, ಆಮೇಲೆ ಹೆಸರು ಹೇಳಲು ಪ್ರಯತ್ನಿಸುತ್ತೇನೆ.