60 ಮಿ.ಮೀ. ಇಳಿಸುವ ಮುಂಚೆ ಲೋವರ್ ಆರ್ಮ್ ಕಡೆ ಒಮ್ಮೆ ನೋಡಿ

ಟ್ರ್ಯಾಕ್‌ಗೆ ಅಂತ ಹ್ಯಾಚ್‌ಬ್ಯಾಕ್ ಕಟ್ಟುತ್ತಿದ್ದೀರಿ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಒಂದೇ ಕಂಬದಲ್ಲಿ ಕೂತ ಸಸ್ಪೆನ್ಷನ್. ಕಾರನ್ನು 60 ಮಿ.ಮೀ. ಇಳಿಸೋಕೆ ಯಾವ ಸ್ಪ್ರಿಂಗ್ ಹಾಕಲಿ, ಶಾಸಿಗೆ ಎಲ್ಲೆಲ್ಲಿ ವೆಲ್ಡ್ ಮಾಡಲಿ ಅಂತ ಕೇಳಿದ್ದೀರಿ. ನಾನು ಶುರು ಮಾಡಿದ್ದೂ ಇಂಥದ್ದೇ ಕಾರಿನಿಂದ, ಇದೇ ಪ್ಲಾನ್ ಇಟ್ಟುಕೊಂಡು. ದಯವಿಟ್ಟು ಈಗಲೇ ಏನೂ ಆರ್ಡರ್ ಮಾಡಬೇಡಿ.

ನಾನು ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ತಂದು, ಚಕ್ರ ಫೆಂಡರ್ ಒಳಗೆ ಹೊಕ್ಕುವಷ್ಟು ಇಳಿಸಿದೆ. ಟ್ರ್ಯಾಕ್‌ಗೆ ಹೋದರೆ ತಿರುವಿನ ಮಧ್ಯದಲ್ಲಿ ಮುಂಭಾಗ ಇದ್ದಕ್ಕಿದ್ದಂತೆ ಹಿಡಿತ ಬಿಡುತ್ತಿತ್ತು. ಜೋರಾಗಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಆ ಕಡೆ ಈ ಕಡೆ ಎಳೆಯುತ್ತಿತ್ತು. ಬಾಡಿ ವಾಲುವುದೂ ಜಾಸ್ತಿಯಾಗಿತ್ತು. ಸ್ಪ್ರಿಂಗ್ ಮೆತ್ತಗಿದೆ ಅಂದುಕೊಂಡು ಇನ್ನೂ ಗಟ್ಟಿಯದು ಹಾಕಿದೆ. ಅದೂ ಸಾಲದೆ ಮುಂದೆ ದಪ್ಪ ಆ್ಯಂಟಿ ರೋಲ್ ಬಾರ್ (ಬಾಡಿ ವಾಲುವುದನ್ನು ತಡೆಯುವ ಸರಳು) ಹಾಕಿದೆ. ಆಗ ತಿರುವಿನಿಂದ ಹೊರಬರುವಾಗ ಒಳಬದಿಯ ಚಕ್ರ ಹಿಡಿತವೇ ಇಲ್ಲದೆ ಸುಮ್ನೆ ತಿರುಗೋಕೆ ಶುರುವಾಯ್ತು.

ತಪ್ಪು ಸ್ಪ್ರಿಂಗ್‌ನಲ್ಲಿ ಇರಲೇ ಇಲ್ಲ. ಏನನ್ನೂ ಅಳೆಯದೆ ಕಾರನ್ನು ಇಳಿಸಿದ್ದೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇಲ್ಲೇ ಎಡವುವ ಹಾಗೆ ಕಾಣುತ್ತಿದೆ.

ಬಾಡಿ ವಾಲುವುದು ರೋಲ್ ಸೆಂಟರ್ ಅನ್ನುವ ಬಿಂದುವಿನ ಸುತ್ತ. ಸ್ಟ್ರಟ್ ಇರುವ ಕಾರಿನಲ್ಲಿ ಆ ಬಿಂದು ಎಲ್ಲಿರಬೇಕು ಅನ್ನುವುದನ್ನು ಬಹುಮಟ್ಟಿಗೆ ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಶಾಸಿಗೆ ಜೋಡಿಸುವ ತೋಳಿನ) ಕೋನವೇ ತೀರ್ಮಾನಿಸುತ್ತದೆ. ಕಾರನ್ನು ಇಳಿಸಿದಾಗ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಕ್ಕೆ ಹೋಗುತ್ತದೆ. ಆಗ ಕಾರಿನ ಭಾರಕೇಂದ್ರ ಎಷ್ಟು ಇಳಿಯುತ್ತದೋ ಅದಕ್ಕಿಂತ ತುಂಬಾ ಜಾಸ್ತಿ ರೋಲ್ ಸೆಂಟರ್ ಇಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆಯುತ್ತದೆ. ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ನಟ್ ತಿರುಗಿಸಿದ ಹಾಗೆ, ಅದೇ ವೇಗದ ತಿರುವು ಬಾಡಿಯನ್ನು ಹೆಚ್ಚು ವಾಲಿಸುತ್ತದೆ. ಅಷ್ಟೇ ಅಲ್ಲ. ಅಡ್ಡ ಮಟ್ಟ ದಾಟಿದ ಆರ್ಮ್, ಚಕ್ರ ಮೇಲೆದ್ದಾಗ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವುದು) ಕೊಡುವ ಬದಲು ಇದ್ದದ್ದನ್ನೂ ಕಳೆಯುತ್ತದೆ. ಟೈ ರಾಡ್ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಮತ್ತು ಆರ್ಮ್ ಬೇರೆ ಬೇರೆ ವೃತ್ತದಲ್ಲಿ ಚಲಿಸುತ್ತವೆ, ಹಾಗಾಗಿ ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ. ಬಂಪ್ ಸ್ಟಿಯರ್ ಅಂದರೆ ಇದೇ. ನನ್ನ ಸ್ಟೇರಿಂಗ್ ಎಳೆಯುತ್ತಿದ್ದದ್ದೂ ಇದಕ್ಕೇ.

ಕೊನೆಗೆ ಸ್ಟ್ರಟ್ ಎಷ್ಟು ಕುಗ್ಗುತ್ತದೆ ನೋಡೋಣ ಅಂತ ಡ್ಯಾಂಪರ್ ರಾಡಿಗೆ ಒಂದು ಜಿಪ್ ಟೈ ಬಿಗಿದು ಒಂದು ಸುತ್ತು ಓಡಿಸಿ ಬಂದೆ. ಬಗ್ಗಿ ನೋಡಿದರೆ ಅದು ಬಂಪ್ ಸ್ಟಾಪ್‌ಗೆ (ಸ್ಟ್ರಟ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್ ತುಂಡಿಗೆ) ಅಂಟಿಕೊಂಡು ಚಪ್ಪಟೆಯಾಗಿತ್ತು. ಅಂದರೆ ಪ್ರತಿ ತಿರುವಿನಲ್ಲೂ ಕಾರು ಕೂತಿದ್ದು ಸ್ಪ್ರಿಂಗ್ ಮೇಲಲ್ಲ, ರಬ್ಬರ್ ಮೇಲೆ!

ಅಷ್ಟರಲ್ಲಿ ಆರ್ಮ್‌ನ ಒಳತುದಿ ಕೂರುವ ಜಾಗದ ಸುತ್ತ ಗಟ್ಟಿಯಾಗಲಿ ಅಂತ ಪ್ಲೇಟ್ ವೆಲ್ಡ್ ಮಾಡಿಬಿಟ್ಟಿದ್ದೆ. ಅದನ್ನು ಕೊರೆದು ತೆಗೆಯುವಾಗ ತೆಳು ಶೀಟ್ ತೂತು ಬಿತ್ತು, ಆ ಭಾಗವನ್ನೇ ಹೊಸದಾಗಿ ಕಟ್ಟಬೇಕಾಯ್ತು. ಸ್ಪ್ರಿಂಗ್‌ಗಿಂತ ಜಾಸ್ತಿ ದುಡ್ಡು ಹೋಗಿದ್ದು ಇಲ್ಲಿ.

ಹಾಗಾಗಿ 60 ಮಿ.ಮೀ. ಅನ್ನುವುದನ್ನು ಬಿಟ್ಟುಬಿಡಿ. ಭಾರಕೇಂದ್ರ 500 ಮಿ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ಅದನ್ನು 25 ಮಿ.ಮೀ. ಇಳಿಸಿದರೆ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಹೋಗುವ ಭಾರ ಶೇ. 5ರಷ್ಟು ಕಡಿಮೆಯಾಗುತ್ತದೆ. ಅಷ್ಟು ಸಾಕು. ಜೊತೆಗೆ ಉದ್ದ ಪಿನ್‌ನ ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಕೀಲು) ಹಾಕಿ ಆರ್ಮ್‌ನ ಕೋನ ಸರಿ ಮಾಡಿ, ಟೈ ರಾಡ್ ತುದಿಯನ್ನೂ ಅದಕ್ಕೆ ತಕ್ಕಂತೆ ಇಳಿಸಿ. ಆಮೇಲೆ ಸ್ಪ್ರಿಂಗ್ ಬಿಚ್ಚಿಟ್ಟು, ಚಕ್ರ ಕೂರುವ ಹಬ್‌ಗೆ ಚಪ್ಪಟೆ ಹಲಗೆ ಕಟ್ಟಿ, ಜಾಕ್‌ನಿಂದ 10 ಮಿ.ಮೀ.ಗೊಮ್ಮೆ ಎತ್ತುತ್ತಾ ಟೋ ಎಷ್ಟು ಬದಲಾಯ್ತು ಅಂತ ಬರೆದುಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಬಿಡಬೇಡಿ. ನಾನು ಇಷ್ಟು ಮಾಡಿ, ಕಾರನ್ನು ಸ್ವಲ್ಪ ಎತ್ತರಿಸಿ, ಹಳೆಯ ಮೆತ್ತನೆ ಸ್ಪ್ರಿಂಗ್ ವಾಪಸ್ ಹಾಕಿದ ಮೇಲೆಯೇ ಕಾರು ಹೇಳಿದ ಮಾತು ಕೇಳಿದ್ದು.

ಸ್ಪ್ರಿಂಗ್ ಲೆಕ್ಕ ಸುಲಭ. ಒಂದು ಮೂಲೆಯ ಮೇಲೆ ಸ್ಪ್ರಿಂಗ್ ಹೊರುವ ತೂಕ 250 ಕೆ.ಜಿ. ಇದ್ದು, 2 ಹರ್ಟ್ಜ್ (ಬಾಡಿ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಎರಡು ಸಲ ಮೇಲೆ ಕೆಳಗೆ ಆಡುವ ವೇಗ) ಬೇಕಿದ್ದರೆ ಚಕ್ರದ ಬಳಿ ಸುಮಾರು 40 ನ್ಯೂಟನ್/ಮಿ.ಮೀ. ಗಟ್ಟಿತನ ಬೇಕು. ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಚಕ್ರದಷ್ಟೇ ಓಡಾಡುವುದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಹಿಂದಿನ ಸ್ಪ್ರಿಂಗ್ ಚಕ್ರದ 0.7ರಷ್ಟು ಮಾತ್ರ ಚಲಿಸಿದರೆ 0.7ರ ವರ್ಗದಿಂದ ಭಾಗಿಸಿ. ಅದೇ 40, 80ರ ಮೇಲೆ ಹೋಗುತ್ತದೆ.

ವೆಲ್ಡಿಂಗ್ ಇದೆಲ್ಲ ಮುಗಿದ ಮೇಲೆ. ಕೇಜ್ (ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಟ್ಯೂಬ್ ಚೌಕಟ್ಟು) ಹಾಕುವುದಾದರೆ ನೀವು ಓಡಿಸುವ ಕಡೆಯ ನಿಯಮ ಪುಸ್ತಕ ಮೊದಲು ಓದಿ. ಅಂತರರಾಷ್ಟ್ರೀಯ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎಯ ನಿಯಮ ಅಪೆಂಡಿಕ್ಸ್ ಜೆ ಪ್ರಕಾರ ಮುಖ್ಯ ಹೂಪ್‌ನ (ಮುಂದಿನ ಸೀಟುಗಳ ಹಿಂದಿನ ಕಮಾನಿನ) ಟ್ಯೂಬ್ ಕನಿಷ್ಠ 45×2.5 ಅಥವಾ 50×2 ಮಿ.ಮೀ. (ವ್ಯಾಸ × ಗೋಡೆಯ ದಪ್ಪ) ಇರಬೇಕು. ಕೇಜ್‌ನ ಕಾಲುಗಳನ್ನು ಬರೀ ಫ್ಲೋರ್ ಶೀಟ್ ಮೇಲೆ ನಿಲ್ಲಿಸಬೇಡಿ, ಕೆಳಗೆ ದಪ್ಪ ಪ್ಲೇಟ್ ಕೊಡಿ. ಮುಂದಿನ ಟ್ಯೂಬ್‌ಗಳು ಸ್ಟ್ರಟ್ ಟವರ್‌ವರೆಗೆ (ಸ್ಟ್ರಟ್‌ನ ಮೇಲ್ತುದಿ ಕೂರುವ ಜಾಗದವರೆಗೆ) ಹೋಗಲು ನಿಯಮ ಅನುಮತಿಸಿದರೆ ಅದನ್ನಂತೂ ತಪ್ಪಿಸಬೇಡಿ. ಮುಂಭಾಗ ಬಿಗಿಯಾಗುವುದು ಅಲ್ಲಿಂದಲೇ.